ಜೊಂಗ್ಮ್ಯೊ ಎದುರಿನ ಒಂದು ಕಿಲೋಮೀಟರ್: ಸಿಯೋಲ್‌ನ ಒಂದು ಪ್ರಕರಣ

ಸಿಯೋಲ್‌ನ ನಡುವೆ ಪೂರ್ವ ಪಶ್ಚಿಮವಾಗಿ ಹಾಯ್ದು ಹೋಗುವ ಹಳೆಯ ರಸ್ತೆ ಜೊಂಗ್ನೊ. ಅದರ ಉತ್ತರಕ್ಕೆ, ಮರಗಳ ಮರೆಯಲ್ಲಿ, 101 ಮೀಟರ್ ಉದ್ದದ ಒಂದು ಕಟ್ಟಡವಿದೆ. ಅದು ಜೊಂಗ್ಮ್ಯೊ ಗುಡಿಯ ಮುಖ್ಯ ಭವನ. ಹಿಂದೆ ಕೊರಿಯಾವನ್ನು ಆಳಿದ ಜೋಸನ್ ಮನೆತನದ ಅರಸರು ತಮ್ಮ ಹಿರಿಯರಿಗೆ ಎಡೆಯಿಟ್ಟು ಪೂಜೆ ಮಾಡುತ್ತಿದ್ದ ಜಾಗ. ರಸ್ತೆಯ ದಕ್ಷಿಣಕ್ಕೆ, ಗುಡಿಯ ಎದುರಿಗೇ, ಈಗ ಖಾಲಿ ಬಿದ್ದಿರುವ ಒಂದು ನಿವೇಶನ. ಅಲ್ಲಿ 141.9 ಮೀಟರ್ ಎತ್ತರದವರೆಗೆ ಕಟ್ಟಬಹುದು ಎಂದು ನಗರಾಡಳಿತ 2025ರ ಅಕ್ಟೋಬರ್ ಕೊನೆಯಲ್ಲಿ ಅಧಿಸೂಚನೆ ಹೊರಡಿಸಿತು. ಮೊದಲಿದ್ದ ಮಿತಿ 71.9 ಮೀಟರ್. ಹೆಚ್ಚುಕಡಿಮೆ ದುಪ್ಪಟ್ಟು.

ಮುಂದಿನ ಕೆಲವು ವಾರ ಕೊರಿಯಾದಲ್ಲಿ ಇದೇ ಸುದ್ದಿ. ಸುಪ್ರೀಂ ಕೋರ್ಟ್ ತೀರ್ಪು ಬಂತು. ಸಂಸ್ಕೃತಿ ಸಚಿವರು, ಆಮೇಲೆ ಪ್ರಧಾನಿ, ಇಬ್ಬರೂ ಜೊಂಗ್ಮ್ಯೊಗೆ ಬಂದು ನಿಂತು ಮಾತಾಡಿದರು. ಯುನೆಸ್ಕೋದಿಂದ ಪತ್ರ ಬಂತು. ಮೇಯರ್ ತಿರುಗಿ ಉತ್ತರ ಕೊಟ್ಟರು. ಪರಂಪರೆಯೋ ಅಭಿವೃದ್ಧಿಯೋ ಅನ್ನುವ ಹಳೆಯ ಚರ್ಚೆ ಮತ್ತೆ ಶುರುವಾಯಿತು.

ಆ ಭಾಗದಲ್ಲಿ ಓಡಾಡಿದ ಪ್ರವಾಸಿಯಾಗಿ ನನಗೆ ಈ ಚರ್ಚೆ ಪೂರ್ತಿ ಅನ್ನಿಸಲಿಲ್ಲ. ಗುಡಿಯೂ, ಅದರ ಎದುರು ಏಳಬೇಕಿರುವ ಗೋಪುರದಂಥ ಕಟ್ಟಡವೂ ಎರಡು ಪಕ್ಷ. ಇಬ್ಬರಿಗೂ ಲಾಯರುಗಳಿದ್ದಾರೆ, ನಕ್ಷೆಗಳಿವೆ. ಇವೆರಡರ ಆಚೆಗೆ ಆ ಒಂದು ಕಿಲೋಮೀಟರಿನಲ್ಲಿ ಇನ್ನೊಂದು ಊರೇ ಇತ್ತು. ಲೇತ್ ಮಿಷಿನ್, ಎರಕದ ಮನೆ, ಗಡಿಯಾರ ರಿಪೇರಿ, ರೇಡಿಯೋ ಅಂಗಡಿಗಳ ಊರು. ಅದು ಅರ್ಧಕ್ಕರ್ಧ ಹೋಗಿದೆ. ಯಾವ ಪಕ್ಷ ಗೆದ್ದರೂ ಅದು ವಾಪಸ್ ಬರುವುದಿಲ್ಲ. ಈ ಪ್ರಕರಣದಲ್ಲಿ ನನ್ನನ್ನು ಹಿಡಿದಿಟ್ಟ ಸಂಗತಿ ಇದು.

ಮೊದಲು ಗುಡಿ

ಅರಮನೆ ನೋಡಿ ಬಂದವರಿಗೆ ಜೊಂಗ್ಮ್ಯೊದಲ್ಲಿ ನೋಡುವುದಕ್ಕೆ ಏನೂ ಇಲ್ಲ ಅನ್ನಿಸಬಹುದು. ಕೊರಿಯಾದ ಅರಮನೆಗಳಲ್ಲಿ ತೊಲೆ ಜಂತೆಗಳ ಮೇಲೆಲ್ಲ ಹಸಿರು, ನೀಲಿ, ಕೆಂಪು ಚಿತ್ತಾರ. ಇಲ್ಲಿ ಅದಿಲ್ಲ. ಕಂದುಗೆಂಪು ಕಂಬಗಳ ಸಾಲು, ಮೇಲೆ ಬೂದು ಹೆಂಚಿನ ಮಾಡು, ಮುಂದೆ ಒರಟು ಕಲ್ಲು ಹಾಸಿದ ಅಗಲವಾದ ಜಗಲಿ, ಅಷ್ಟೇ. ಹೆಬ್ಬಾಗಿಲಿನಿಂದ ಹೊರಡುವ ಕಲ್ಲಿನ ದಾರಿಯಲ್ಲಿ ಮೂರು ಸಾಲಿದೆ. ನಡುವಿನದು ಹಿರಿಯರ ಆತ್ಮಗಳಿಗೆ, ಒಂದು ಪಕ್ಕ ರಾಜನಿಗೆ, ಇನ್ನೊಂದು ಪಕ್ಕ ಯುವರಾಜನಿಗೆ. ನಡುವಿನ ಸಾಲಿನ ಮೇಲೆ ಕಾಲಿಡಬೇಡಿ ಎಂದು ಗೈಡ್ ಹೇಳುತ್ತಾರೆ, ಎಲ್ಲರೂ ಬದಿಗೆ ಸರಿಯುತ್ತಾರೆ.

ಜೋಸನ್ ಮನೆತನದ ಮೊದಲ ರಾಜ ತೇಜೊ ಸಿಯೋಲ್‌ಗೆ ರಾಜಧಾನಿ ತಂದಾಗ, 1394-95ರಲ್ಲಿ, ಅರಮನೆಯ ಜೊತೆಗೇ ಇದನ್ನೂ ಕಟ್ಟಿಸಿದ. 1592ರ ಜಪಾನಿ ದಾಳಿಯಲ್ಲಿ ಸುಟ್ಟುಹೋಯಿತು. 1608ರಲ್ಲಿ ಮತ್ತೆ ಎದ್ದಿತು. ಮುಖ್ಯ ಭವನದಲ್ಲಿ ಮೊದಲಿಗೆ 7 ಕೋಣೆ ಇತ್ತು. ರಾಜರು ತೀರಿಕೊಂಡ ಹಾಗೆ ಜಾಗ ಸಾಲದೆ ಬಂತು. 1546ರಲ್ಲಿ 11, 1726ರಲ್ಲಿ 15, 1836ರಲ್ಲಿ 19 ಕೋಣೆಗಳಾದವು. ಈಗ ಅಲ್ಲಿ ತೀರಿಕೊಂಡ ರಾಜ ರಾಣಿಯರ ಹೆಸರಿನ 49 ಆತ್ಮಫಲಕಗಳಿವೆ. 101 ಮೀಟರ್ ಉದ್ದ ಬಂದಿದ್ದು ಹೀಗೆ. ಯಾರೋ ಒಬ್ಬ ಶಿಲ್ಪಿ ಒಂದೇ ಸಲ ಕೂತು ಗೀಚಿದ ಆಕಾರ ಅಲ್ಲ ಇದು. ಬೇಕಾದ ಹಾಗೆ ಪಕ್ಕಕ್ಕೆ ಬೆಳೆದ ಕಟ್ಟಡ. ಇವತ್ತು ಒಂದು ಹೆಂಚು ಕದಲಿಸಬೇಕಾದರೂ ಸಮಿತಿ ಕೂರಬೇಕು. ಆವತ್ತು ನಾಲ್ಕು ಕೋಣೆ ಜೋಡಿಸುವುದು ಸಹಜವಾಗಿತ್ತು.

ಪ್ರತಿ ವರ್ಷ ಮೇ ತಿಂಗಳ ಮೊದಲ ಭಾನುವಾರ ಇಲ್ಲಿ ದೊಡ್ಡ ಪೂಜೆ. ವಾದ್ಯ, ಸಾಲು ನೃತ್ಯ, ಎಡೆ ಎಲ್ಲವೂ ಉಂಟು. ಆ ಪೂಜೆ ಮತ್ತು ಅದರ ಸಂಗೀತವನ್ನು ಯುನೆಸ್ಕೋ 2001ರಲ್ಲಿ ಬೇರೆಯಾಗಿಯೇ ಗುರುತಿಸಿತು. ಜಾಗ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದು ಅದಕ್ಕೂ ಮೊದಲೇ, 1995ರಲ್ಲಿ. ಕೊರಿಯಾದಿಂದ ಆ ಪಟ್ಟಿಗೆ ಮೊದಲು ಸೇರಿದ ಮೂರು ತಾಣಗಳಲ್ಲಿ ಇದೂ ಒಂದು. ಸೇರಿಸುವಾಗಲೇ ತಜ್ಞರು ಒಂದು ಮಾತು ಬರೆದಿದ್ದರು: ಗುಡಿಯಿಂದ ಕಾಣುವ ನೋಟ ಕೆಡಿಸುವ ಎತ್ತರದ ಕಟ್ಟಡಗಳಿಗೆ ಸುತ್ತಮುತ್ತ ಅನುಮತಿ ಕೊಡಬಾರದು. ಇವತ್ತಿನ ಜಗಳದ ಬೀಜ ಈ ಸಾಲಿನಲ್ಲಿದೆ.

ಕಲ್ಲಿನ ಜಗಲಿಯ ಮೇಲೆ ನಿಂತು ದಕ್ಷಿಣಕ್ಕೆ ನೋಡಿದರೆ ಬಾಗಿಲು, ಅದರ ಮೇಲೆ ಮರಗಳ ತಲೆ, ಅದರ ಮೇಲೆ ಆಕಾಶ. ಕೋಟಿಗಟ್ಟಲೆ ಜನರ ಮಹಾನಗರದ ಹೊಟ್ಟೆಯೊಳಗೆ ನಿಂತಿದ್ದೇವೆ ಅನ್ನುವುದೇ ಮರೆತುಹೋಗುತ್ತದೆ. ಕೊರಿಯನ್ನರು ಇದಕ್ಕಾಗಿ ಯಾಕೆ ಸಿಟ್ಟಾಗುತ್ತಾರೆ ಎಂದು ಅಲ್ಲಿ ನಿಂತವರಿಗೆ ಬೇರೆ ಹೇಳಬೇಕಾಗಿಲ್ಲ.

ಬೆಂಕಿಗಾಗಿ ಬಿಟ್ಟ ಜಾಗ

ಇನ್ನು ರಸ್ತೆ ದಾಟೋಣ. ಜೊಂಗ್ಮ್ಯೊ ಎದುರಿನಿಂದ ದಕ್ಷಿಣಕ್ಕೆ, ನಮ್ಸಾನ್ ಗುಡ್ಡದ ಬುಡದವರೆಗೆ, ಪಟ್ಟಿಯ ಹಾಗೆ ಉದ್ದವಾದ ಜಾಗವೊಂದಿದೆ. ಇದು ಹುಟ್ಟಿದ್ದೇ ನೆಲಸಮದಿಂದ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1945ರಲ್ಲಿ, ಜಪಾನಿ ಆಡಳಿತಕ್ಕೆ ಬಾಂಬ್ ದಾಳಿಯ ಭಯ. ಬೆಂಕಿ ಊರಿಡೀ ಹಬ್ಬಬಾರದು ಎಂದು 50 ಮೀಟರ್ ಅಗಲಕ್ಕೆ ಮನೆಗಳನ್ನು ಕೆಡವಿ ಖಾಲಿ ಬಿಟ್ಟರು. ಬಾಂಬ್ ಬೀಳಲಿಲ್ಲ. ಯುದ್ಧ ಮುಗಿಯಿತು. ಕೊರಿಯಾ ಯುದ್ಧ ಬಂತು. ನಿರಾಶ್ರಿತರು ಖಾಲಿ ಜಾಗದಲ್ಲಿ ಗುಡಿಸಲು ಹಾಕಿಕೊಂಡರು.

1966ರಲ್ಲಿ ಕಿಮ್ ಹ್ಯೊನ್-ಓಕ್ ಮೇಯರ್ ಆದರು. ಮಿಲಿಟರಿಯಿಂದ ಬಂದವರು. ಜನ ಅವರಿಗೆ ಬುಲ್ಡೋಜರ್ ಅಂತಲೇ ಹೆಸರಿಟ್ಟಿದ್ದರು. ಗುಡಿಸಲು ತೆಗೆಸಿ ಅಲ್ಲೊಂದು ಉದ್ದನೆಯ ಕಟ್ಟಡ ಮಾಲೆ ಕಟ್ಟಿಸಲು ಹೊರಟರು. ನಕ್ಷೆ ಬರೆದವರು ಆಗಿನ್ನೂ ಮೂವತ್ತರ ಹರೆಯದಲ್ಲಿದ್ದ ವಾಸ್ತುಶಿಲ್ಪಿ ಕಿಮ್ ಸೂ-ಗುನ್. ಕೆಳಗೆ ಅಂಗಡಿ, ಮೇಲೆ ಅಪಾರ್ಟ್‌ಮೆಂಟ್, ಮೂರನೇ ಮಹಡಿಯ ಮಟ್ಟದಲ್ಲಿ ಒಂದು ಕಿಲೋಮೀಟರ್ ಉದ್ದಕ್ಕೂ ನಡೆದಾಡುವ ಸೇತುವೆ. ವಾಹನ ಕೆಳಗೆ, ಜನ ಮೇಲೆ. 1968ರ ಹೊತ್ತಿಗೆ ಎಂಟು ಕಟ್ಟಡಗಳ ಮಾಲೆ ಹೆಚ್ಚುಕಡಿಮೆ ಎದ್ದು ನಿಂತಿತು. ಅದೇ ಸೆವುನ್ ಸಾಂಗ್ಗಾ.

ನಕ್ಷೆಯಲ್ಲಿದ್ದ ಹಾಗೆ ಅದು ಬರಲಿಲ್ಲ. ಒಂದೊಂದು ಕಟ್ಟಡವನ್ನು ಒಂದೊಂದು ಕಂಪನಿ ಕಟ್ಟಿತು. ಸೇತುವೆ ಅಲ್ಲಲ್ಲಿ ತುಂಡಾಯಿತು. ಆದರೂ ಆ ಕಾಲಕ್ಕೆ ಅದು ದೊಡ್ಡವರ ವಿಳಾಸ. ಲಿಫ್ಟ್ ಇರುವ ಮನೆ ಅಂದರೆ ಸುಮ್ನೆ ಮಾತಲ್ಲ. ಆಮೇಲೆ ಹಾನ್ ನದಿಯ ದಕ್ಷಿಣಕ್ಕೆ ಗಂಗ್ನಮ್ ಬೆಳೆಯಿತು. ಹಣವಂತರು ಅಲ್ಲಿಗೆ ಹೋದರು. ಬಿಟ್ಟ ಜಾಗಕ್ಕೆ ಎಲೆಕ್ಟ್ರಾನಿಕ್ಸ್ ಬಂತು. ಅಮೆರಿಕನ್ ಸೇನಾ ನೆಲೆಗಳಿಂದ ಹೊರಬಿದ್ದ ರೇಡಿಯೋ ಬಿಡಿಭಾಗಗಳು, ಟಿವಿ, ಆಂಪ್ಲಿಫೈಯರ್, ಕಳ್ಳ ಕ್ಯಾಸೆಟ್, ಕೊನೆಗೆ ಕಂಪ್ಯೂಟರ್. ಬೆಂಗಳೂರಿನ ಎಸ್‌ಪಿ ರೋಡನ್ನು ಎತ್ತಿ ಎಂಟು ಕಟ್ಟಡಗಳೊಳಗೆ ಜೋಡಿಸಿಟ್ಟರೆ ಹೇಗಿರುತ್ತೋ, ಹಾಗೆ. ಇಲ್ಲಿ ಒಂದು ಸುತ್ತು ಹಾಕಿ ಬಂದರೆ ಸಬ್‌ಮರೀನ್ ಕಟ್ಟುವಷ್ಟು ಸಾಮಾನು ಸಿಗುತ್ತೆ ಅನ್ನುವುದು ಸಿಯೋಲ್‌ನ ಹಳೆಯ ಮಾತು.

ಮಾತು ಪೂರ್ತಿ ಉತ್ಪ್ರೇಕ್ಷೆ ಅಲ್ಲ. ವಿಡಿಯೋ ಕಲೆಯ ಆದ್ಯ ಅಂತ ಜಗತ್ತು ಕರೆಯುವ ನಾಮ್ ಜೂನ್ ಪೈಕ್ 1988ರಲ್ಲಿ 1,003 ಟಿವಿಗಳ ಗೋಪುರ ನಿಲ್ಲಿಸಿದರು. ಗ್ವಾಚನ್‌ನ ರಾಷ್ಟ್ರೀಯ ಕಲಾ ಮ್ಯೂಸಿಯಂನಲ್ಲಿ ಈಗಲೂ ಇದೆ. ಆ ಟಿವಿಗಳನ್ನು ಜೋಡಿಸಿ, ತಂತಿ ಎಳೆದು, ಚಿತ್ರ ಮೂಡುವಂತೆ ಮಾಡಿದವರು ಲೀ ಜುಂಗ್-ಸುಂಗ್. ಸೆವುನ್ ಸಾಂಗ್ಗಾದಲ್ಲಿ ಪಳಗಿದ ಟಿವಿ ತಂತ್ರಜ್ಞ.

1987ರಲ್ಲಿ ಯೊಂಗ್ಸಾನ್ ಎಂಬಲ್ಲಿ ಹೊಸ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ತೆರೆದರು. ದೊಡ್ಡ ವ್ಯಾಪಾರಿಗಳು ಅಲ್ಲಿಗೆ ಹೋದರು. ಸಣ್ಣವರು ಉಳಿದುಕೊಂಡರು.

ಗಲ್ಲಿಯೊಳಗಿನ ಲೆಕ್ಕಾಚಾರ

ಸೆವುನ್ ಕಟ್ಟಡಗಳ ಎರಡೂ ಬದಿಗೆ ಇರುವ ಗಲ್ಲಿಗಳನ್ನು ನೋಡದೆ ಈ ಪ್ರಕರಣ ಅರ್ಥವಾಗುವುದಿಲ್ಲ. ಇಪ್ಜೊಂಗ್‌ದೊಂಗ್, ಸಾನ್ಲಿಮ್‌ದೊಂಗ್, ಉಲ್‌ಜಿರೊ. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕು, ಅಷ್ಟು ಕಿರಿದು. ಒಂದೊಂದು ಅಂಗಡಿ ನಮ್ಮೂರಿನ ಪಾನ್ ಅಂಗಡಿಗಿಂತ ಸ್ವಲ್ಪ ದೊಡ್ಡದು ಅಷ್ಟೇ. ಒಳಗೆ ಒಂದು ಲೇತ್, ಒಬ್ಬ ಮನುಷ್ಯ, ಒಂದು ಸ್ಟೂಲು. ನೆಲದ ಮೇಲೆ ಕಬ್ಬಿಣದ ಸುರುಳಿ ಚೂರು. ಎಣ್ಣೆ ವಾಸನೆ.

ಹೊರಗಿನವರಿಗೆ ಇದು ಹಳೆಯ, ಕೊಳಕು, ಬಡ ಅಂಗಡಿಗಳ ಗುಂಪು. ಒಳಗಿನ ಲೆಕ್ಕ ಬೇರೆ. ಯಾರೋ ಒಬ್ಬ ವಿದ್ಯಾರ್ಥಿಗೋ, ಆಸ್ಪತ್ರೆಯ ಯಂತ್ರ ಮಾಡುವ ಸಣ್ಣ ಕಂಪನಿಗೋ ಒಂದೇ ಒಂದು ಲೋಹದ ಭಾಗ ಬೇಕು ಅಂತಿಟ್ಟುಕೊಳ್ಳಿ. ದೊಡ್ಡ ಕಾರ್ಖಾನೆಗೆ ಹೋದರೆ ಸಾವಿರ ಬೇಕಾ ಅಂತ ಕೇಳುತ್ತಾರೆ. ಇಲ್ಲಿ ಒಂದಕ್ಕೂ ಕೆಲಸ ಶುರುವಾಗುತ್ತದೆ. ಲೋಹ ಮಾರುವವನು ಒಂದು ತುಂಡು ಕತ್ತರಿಸಿ ಕೊಡುತ್ತಾನೆ. ಪಕ್ಕದ ಗಲ್ಲಿಯಲ್ಲಿ ಲೇತ್‌ಗೆ ಏರುತ್ತದೆ. ಎರಕ ಬೇಕಾದರೆ ಅಚ್ಚು ಮಾಡುವವನು ಇನ್ನೊಂದು ತಿರುವಿನಲ್ಲಿ. ಆಮೇಲೆ ವೆಲ್ಡಿಂಗ್, ಪಾಲಿಶ್, ಪ್ಲೇಟಿಂಗ್, ಬಣ್ಣ, ಹೆಸರು ಕೆತ್ತುವುದು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಮೂರು ಗಾಲಿಯ ಮೋಟಾರು ಗಾಡಿಯಲ್ಲಿ ಸಾಗಿಸುತ್ತಾರೆ. ಎಲ್ಲವೂ ನಡೆದು ಹೋಗುವ ದೂರ. ಯಾರೂ ಎಲ್ಲ ಕೆಲಸ ಮಾಡುವುದಿಲ್ಲ, ಎಲ್ಲರೂ ಸೇರಿದರೆ ಎಲ್ಲವೂ ಆಗುತ್ತದೆ.

ಈ ವ್ಯವಸ್ಥೆಯ ಬಲವೂ ಅದೇ, ಬಲಹೀನತೆಯೂ ಅದೇ. ಪ್ಲೇಟಿಂಗ್ ಮಾಡುವವನನ್ನು ಎಬ್ಬಿಸಿದರೆ ಲೇತ್‌ನವನಿಗೂ ಪೆಟ್ಟು. ಪರಿಹಾರದ ಪಟ್ಟಿಯಲ್ಲಿ ಮಾತ್ರ ಒಬ್ಬೊಬ್ಬರಿಗೆ ಬೇರೆ ಬೇರೆ ಸಾಲು. ಇಂತಿಷ್ಟು ಚದರಡಿ, ಇಂತಿಷ್ಟು ತಿಂಗಳ ವ್ಯಾಪಾರ ನಷ್ಟ. ಪಕ್ಕದವನು ಇದ್ದಿದ್ದಕ್ಕೆ ಎಷ್ಟು ಬೆಲೆ? ಆ ಕಲಂ ಫಾರ್ಮಿನಲ್ಲಿ ಇಲ್ಲ.

ಜೊಂಗ್ಮ್ಯೊ ಎದುರಿಗೇ ಇದ್ದ ಯೆಜಿದೊಂಗ್ ಗಡಿಯಾರದ ಗಲ್ಲಿ. ಕೈಗಡಿಯಾರ ಬಿಚ್ಚಿ ಸರಿಮಾಡುವವರು, ಚಿನ್ನಬೆಳ್ಳಿಯವರು ಸಾಲಾಗಿ ಕೂರುತ್ತಿದ್ದ ಜಾಗ ಅದು. ಈಗ 141.9 ಮೀಟರ್ ಗೋಪುರ ಏಳಬೇಕಿರುವ ನಿವೇಶನ, ಅಂದರೆ ಸೆವುನ್ 4ನೇ ವಲಯ, ಆ ಗಲ್ಲಿ ಇದ್ದ ಜಾಗವೇ.

ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ಬಿಚ್ಚುವುದು

ಲೀ ಮ್ಯುಂಗ್-ಬಾಕ್ 2002ರಲ್ಲಿ ಮೇಯರ್ ಆದರು. ಸೆವುನ್‌ಗೆ ಅಡ್ಡಲಾಗಿ ಹರಿಯುವ ಚಂಗ್‌ಗ್ಯೆಚನ್ ತೊರೆಯನ್ನು 1958ರಿಂದ ಕಾಂಕ್ರೀಟ್ ಹಾಕಿ ಮುಚ್ಚಿದ್ದರು. ಆಮೇಲೆ ಅದರ ಮೇಲೊಂದು ಫ್ಲೈಓವರ್ ಕೂಡ ಬಂದಿತ್ತು. ಲೀ ಎರಡನ್ನೂ ಕೀಳಿಸಿದರು. 2003ರ ಜುಲೈಯಲ್ಲಿ ಶುರು, 2005ರ ಅಕ್ಟೋಬರ್ 1ಕ್ಕೆ ಮುಗಿಯಿತು. 5.8 ಕಿಲೋಮೀಟರ್ ತೊರೆ ಮತ್ತೆ ಬಯಲಿಗೆ ಬಂತು. ಜಗತ್ತಿನ ನಗರ ಯೋಜಕರೆಲ್ಲ ಬಂದು ನೋಡಿ ಹೊಗಳಿದರು. ಬೇಸಿಗೆಯ ಸಂಜೆ ಆ ನೀರಿನ ಪಕ್ಕ ನಡೆಯುವುದು ನಿಜಕ್ಕೂ ಹಿತ. ಆದರೆ ನೀರಿನ ಬಹುಪಾಲು ಹಾನ್ ನದಿಯಿಂದ ಪಂಪ್ ಮಾಡಿ ತಂದು ಬಿಟ್ಟದ್ದು, ದಿನಕ್ಕೆ ಸುಮಾರು 1.2 ಲಕ್ಷ ಟನ್. ಫ್ಲೈಓವರ್ ಕೆಳಗೆ ಹಳೆ ಸಾಮಾನು ಮಾರುತ್ತಿದ್ದವರನ್ನು ದೊಂಗ್ದೆಮುನ್ ಸ್ಟೇಡಿಯಂಗೆ ಕಳಿಸಿದರು. ಆಮೇಲೆ ಆ ಸ್ಟೇಡಿಯಂ ಕೂಡ ಕೆಡವಿದರು. ಅಲ್ಲಿ ಝಹಾ ಹದೀದ್ ವಿನ್ಯಾಸದ ಬೆಳ್ಳಿಬಣ್ಣದ ದೊಡ್ಡ ಕಟ್ಟಡ 2014ರಲ್ಲಿ ತೆರೆಯಿತು. ವ್ಯಾಪಾರಿಗಳು ಮತ್ತೊಂದು ಕಡೆ ಹೋದರು.

ಈ ತೊರೆಯ ಮೇಲ್ಭಾಗದಲ್ಲಿ ಗ್ವಾಂಗ್‌ತೊಂಗ್ ಸೇತುವೆ ಇದೆ. ತೇಜೊನ ಮಗ ತೇಜೊಂಗ್‌ಗೆ ಮಲತಾಯಿಯ ಮೇಲೆ ಹಗೆ. ರಾಜನಾದ ಮೇಲೆ, 1410ರಲ್ಲಿ, ಆಕೆಯ ಸಮಾಧಿಯ ಕೆತ್ತನೆಯ ಕಲ್ಲುಗಳನ್ನು ತರಿಸಿ ಈ ಸೇತುವೆಗೆ ಹಾಕಿಸಿದ. ಕೆಲವು ಕಲ್ಲು ತಲೆಕೆಳಗಾಗಿಯೇ ಇವೆ, ಈಗಲೂ ಕಾಣುತ್ತವೆ. ತೊರೆ ತೆರೆದಾಗ ಸೇತುವೆಯನ್ನು ಮತ್ತೆ ಜೋಡಿಸಿದರು, ಆದರೆ ಟ್ರಾಫಿಕ್ ಕಾರಣಕ್ಕೆ ಮೂಲ ಜಾಗಕ್ಕಿಂತ ಸುಮಾರು 150 ಮೀಟರ್ ಮೇಲಕ್ಕೆ. ಹಿಂದಿನವರ ಕೆಲಸವನ್ನು ಬಿಚ್ಚಿ ತಮ್ಮದನ್ನು ಕಟ್ಟುವುದು ಈ ಊರಿನ ಅಧಿಕಾರಸ್ಥರಿಗೆ ಹೊಸದೇನಲ್ಲ ಅಂತ ಅದನ್ನು ನೋಡಿ ಅನ್ನಿಸಿತು.

2006ರಲ್ಲಿ ಓ ಸೆ-ಹೂನ್ ಮೇಯರ್ ಆಗಿ ಬಂದರು. ಸೆವುನ್ ಮಾಲೆ ಪೂರ್ತಿ ಕೆಡವಿ ಜೊಂಗ್ಮ್ಯೊದಿಂದ ನಮ್ಸಾನ್‌ವರೆಗೆ ಹಸಿರು ಪಟ್ಟಿ ಮಾಡುವುದು ಅವರ ಕನಸು. 2009ರ ಹೊತ್ತಿಗೆ ಜೊಂಗ್ಮ್ಯೊಗೆ ಹತ್ತಿರದ ಮೊದಲ ಕಟ್ಟಡ ಹೋಯಿತು, ಅಲ್ಲಿ ಹುಲ್ಲು ಬಂತು. ಉಳಿದ ಏಳು ಹಾಗೇ ಉಳಿದವು. ದುಡ್ಡಿನ ಮುಗ್ಗಟ್ಟು, ಎತ್ತರದ ತಕರಾರು ಎರಡೂ ಅಡ್ಡ ಬಂದವು. 2011ರಲ್ಲಿ ಓ ರಾಜೀನಾಮೆ ಕೊಟ್ಟರು.

ಬದಲಿಗೆ ಬಂದ ಪಾರ್ಕ್ ವೊನ್-ಸೂನ್ ಕೆಡವುವುದು ಬೇಡ ಅಂದರು. ಹಳೆಯ ಕಟ್ಟಡ ಉಳಿಸೋಣ, ತುಂಡಾಗಿದ್ದ ನಡಿಗೆ ಸೇತುವೆ ಜೋಡಿಸೋಣ, ಹೊಸ ತಲೆಮಾರಿನವರನ್ನು ಕರೆತರೋಣ. 2017ರಲ್ಲಿ ಮೊದಲ ಹಂತ ತೆರೆಯಿತು. ತಾರಸಿ ಮೇಲೆ ಹತ್ತಿದರೆ ಒಂದು ಕಡೆ ಜೊಂಗ್ಮ್ಯೊ ಕಾಡು, ಇನ್ನೊಂದು ಕಡೆ ನಮ್ಸಾನ್ ಗೋಪುರ. ಈ ಪ್ರಕರಣವನ್ನು ಒಂದೇ ನೋಟದಲ್ಲಿ ನೋಡಬೇಕಾದರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಪಾರ್ಕ್ ಕಾಲದ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರನ್ನು ಉಳಿಸಿದವರು ಅಂತ, ಓ ಅವರನ್ನು ಕೆಡವುವವರು ಅಂತ ಬೇರೆ ಮಾಡುವುದು ಸುಲಭ. ನಿಜ ಅಷ್ಟು ಸಲೀಸಾಗಿಲ್ಲ. 2014ರಲ್ಲಿ ಸುತ್ತಲಿನ ಜಾಗವನ್ನು 171 ಸಣ್ಣ ವಲಯಗಳಾಗಿ ಒಡೆದರು. ದೊಡ್ಡ ನೆಲಸಮ ತಪ್ಪಲಿ ಎಂಬುದು ಉದ್ದೇಶ. ಆದರೆ ಒಂದೊಂದು ವಲಯಕ್ಕೂ ಡೆವಲಪರ್ ಬರುವ ದಾರಿ ತೆರೆದೇ ಇತ್ತು. 2018ರ ಕೊನೆಗೆ ಇಪ್ಜೊಂಗ್‌ದೊಂಗ್ ಕಡೆ ಕೆಡವುವ ಕೆಲಸ ಶುರುವಾಯಿತು. ನಡುವಿನ ಕಾಂಕ್ರೀಟ್ ಮಾಲೆಗೆ ಹೊಸ ಸೇತುವೆ, ಅದಕ್ಕೆ ಜೀವ ಕೊಡುತ್ತಿದ್ದ ಪಕ್ಕದ ಗಲ್ಲಿಗೆ ಬುಲ್ಡೋಜರ್. ಎರಡೂ ಒಬ್ಬರೇ ಮೇಯರ್ ಕಾಲದಲ್ಲಿ.

ಜನ ಎಚ್ಚರಾದದ್ದು ಲೇತ್ ಅಂಗಡಿಗಾಗಿ ಅಲ್ಲ, ನೂಡಲ್ಸ್‌ಗಾಗಿ. ಉಲ್ಜಿ ಮ್ಯೊನೊಕ್ ಅನ್ನುವ ಹಳೆಯ ತಣ್ಣನೆ ನೂಡಲ್ಸ್ ಹೋಟೆಲ್ ಕೂಡ ನೆಲಸಮದ ಪಟ್ಟಿಯಲ್ಲಿದೆ ಅನ್ನುವುದು 2019ರ ಜನವರಿಯಲ್ಲಿ ಸುದ್ದಿಯಾಯಿತು. ಗದ್ದಲ ಎದ್ದಿತು. ಪಾರ್ಕ್ ಮರುಪರಿಶೀಲನೆಗೆ ಆದೇಶ ಕೊಟ್ಟರು. 2020ರ ಮಾರ್ಚ್‌ನಲ್ಲಿ 171ರಲ್ಲಿ 152 ವಲಯಗಳನ್ನು ಯೋಜನೆಯಿಂದ ಕೈಬಿಡುವುದಾಗಿ ನಗರಾಡಳಿತ ಹೇಳಿತು. ಅದೇ ವರ್ಷ ಜುಲೈಯಲ್ಲಿ ಪಾರ್ಕ್ ತೀರಿಕೊಂಡರು. ಆ ಹೋಟೆಲ್ 2022ರಲ್ಲಿ ಮುಚ್ಚಿ, 2024ರಲ್ಲಿ ಬೇರೆ ಕಡೆ ತೆರೆಯಿತು. 1980ರಿಂದ ಬಿಯರ್ ಮಾರುತ್ತಿದ್ದ ಉಲ್ಜಿ ಓಬಿ ಬೇರ್ ಅನ್ನುವ ಪುಟ್ಟ ಅಂಗಡಿಯನ್ನೂ 2022ರಲ್ಲೇ ತೆರವು ಮಾಡಿದರು. ತಿನ್ನುವ ಕುಡಿಯುವ ಜಾಗಕ್ಕೆ ಅಷ್ಟಾದರೂ ಕಣ್ಣೀರು ಹಾಕುವವರಿದ್ದರು. ಅಚ್ಚು ಮಾಡುವವನ ಅಂಗಡಿಗೆ ಗಿರಾಕಿಗಳೇ ಬೇರೆ. ಅವರು ಫೋಟೊ ಹಾಕುವವರಲ್ಲ.

2021ರಲ್ಲಿ ಓ ಸೆ-ಹೂನ್ ಮತ್ತೆ ಗೆದ್ದು ಬಂದರು. ಸೆವುನ್ ಮೇಲೆ ಹತ್ತಿ ನೋಡಿದಾಗ ಕೋಪದಿಂದ ಕಣ್ಣೀರು ಬಂತು ಅಂತ ನಗರಸಭೆಯಲ್ಲಿ ಹೇಳಿದರು. ಹಸಿರು ಪಟ್ಟಿಯ ಕನಸು ಮತ್ತೆ ಹೊರಬಂತು. ಪಾರ್ಕ್ ಕಾಲದಲ್ಲಿ ಶುರುವಾದ ನಡಿಗೆ ಸೇತುವೆ 2022ರಲ್ಲಿ ಪೂರ್ತಿಯಾಯಿತು, ಸುಮಾರು 11,000 ಕೋಟಿ ವಾನ್ ಖರ್ಚಿನಲ್ಲಿ. ಅಂದಾಜು ಮಾಡಿದ್ದರ ಹತ್ತನೇ ಒಂದು ಪಾಲಿನಷ್ಟು ಜನ ಮಾತ್ರ ಅಲ್ಲಿ ನಡೆಯುತ್ತಾರೆ ಎಂದು ಲೆಕ್ಕಪರಿಶೋಧಕರು 2024ರಲ್ಲಿ ಹೇಳಿದರು. ಮುಗಿದ ವರ್ಷವೇ ಅದನ್ನು ಕಿತ್ತುಹಾಕುವ ಮಾತು ಶುರುವಾಗಿತ್ತು.

ಕಟ್ಟಡ ಹಳತಾಗಿರುವುದು ಸುಳ್ಳಲ್ಲ. 2023ರಲ್ಲಿ ಹೊರಗೋಡೆಯಿಂದ ತುಂಡು ಬಿದ್ದು ವ್ಯಾಪಾರಿಯೊಬ್ಬರಿಗೆ ಗಾಯವಾಗಿತ್ತು. ಇದಕ್ಕೊಂದು ಪಕ್ಕದ ಸಂಗತಿ ಸೇರಿಸಬೇಕು. ಇದೇ ಕಿಮ್ ಸೂ-ಗುನ್ ತಮ್ಮ ಕಚೇರಿಗಾಗಿ ಕಟ್ಟಿಕೊಂಡ ಇಟ್ಟಿಗೆ ಕಟ್ಟಡವೊಂದು ಚಾಂಗ್‌ದೊಕ್ ಅರಮನೆಯ ಪಕ್ಕದಲ್ಲಿದೆ. ಸೆವುನ್‌ನಿಂದ ನಡೆದೇ ಹೋಗಬಹುದು. ಅದನ್ನು 2014ರಲ್ಲಿ ಸರ್ಕಾರ ಪರಂಪರೆ ಕಟ್ಟಡ ಅಂತ ನೋಂದಾಯಿಸಿತು, ಈಗ ಮ್ಯೂಸಿಯಂ. ಬಳ್ಳಿ ಹಬ್ಬಿದ ಚಂದದ ಕಟ್ಟಡ, ನಿಜ. ಒಬ್ಬರದೇ ಕೈಯ ಎರಡು ಕೆಲಸ. ಚಂದದ್ದು ಪರಂಪರೆಯಾಯಿತು, ಜನ ದುಡಿದು ಸವೆಸಿದ್ದು ಕಸವಾಯಿತು.

ಮೀಟರ್‌ಗಳ ಜಗಳ

ಇನ್ನು 141.9ಕ್ಕೆ ಬರೋಣ. ಸೆವುನ್ 4ನೇ ವಲಯ 2004ರಿಂದಲೂ ಯೋಜನೆಯಲ್ಲಿದೆ. ಮೊದಲು 122 ಮೀಟರ್ ಕೇಳಿದ್ದರು. ಜೊಂಗ್ಮ್ಯೊ ಇದೆ ಎಂದು ಪರಂಪರೆ ಸಮಿತಿಯಲ್ಲಿ ವರ್ಷಗಟ್ಟಲೆ ಎಳೆದಾಟ ನಡೆಯಿತು. ಕೊನೆಗೆ ಜೊಂಗ್ನೊ ಬದಿಗೆ 55, ತೊರೆಯ ಬದಿಗೆ 71.9 ಅಂತ ನಿಗದಿಯಾಯಿತು. ಅಂಗಡಿಗಳನ್ನು ಖಾಲಿ ಮಾಡಿಸಿ ಕೆಡವಿದರು. ನೆಲ ಅಗೆದಾಗ ಜೋಸನ್ ಕಾಲದ ದಾರಿ, ಬಾವಿಯ ಕುರುಹು ಸಿಕ್ಕಿದವು. ಜಾಗದ ಮಾಲೀಕರು ಇಪ್ಪತ್ತು ವರ್ಷ ಕಾದರು. ಬಾಡಿಗೆ ಇಲ್ಲ, ಬಡ್ಡಿ ಇದೆ. ಅವರ ಸಿಟ್ಟು ಸುಳ್ಳು ಅಂತ ನಾನು ಹೇಳಲಾರೆ.

ನಗರಾಡಳಿತದ ಹೊಸ ಲೆಕ್ಕ ಹೀಗಿದೆ. ಎಫ್‌ಎಆರ್, ಅಂದರೆ ನಿವೇಶನದ ಅಳತೆಗೆ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಮಿತಿ, ಶೇಕಡಾ 660ರಿಂದ 1,000 ದಾಟಿಸುವುದು. ಜೊಂಗ್ನೊ ಬದಿ 98.7 ಮೀಟರ್, ತೊರೆ ಬದಿ 141.9. ಎತ್ತರ ಹೆಚ್ಚಿದ್ದಕ್ಕೆ ಬಿಲ್ಡರ್ ಕಡೆಯಿಂದ ಬರುವ ಪಾಲಿನಲ್ಲಿ ಸೆವುನ್ ಕಟ್ಟಡಗಳನ್ನು ಕೊಂಡು ಕೆಡವಿ ಮರ ನೆಡುವುದು. ಸರ್ಕಾರದ ಕೈಯಿಂದ ದುಡ್ಡು ಹೋಗದೆ ಉದ್ಯಾನ ಬರುತ್ತದೆ. ಬೆಂಗಳೂರಿನವರಿಗೆ ಈ ವ್ಯಾಪಾರ ಬಿಡಿಸಿ ಹೇಳಬೇಕಾ?

ಕಾನೂನಿನ ಕಡೆ ಇನ್ನೊಂದು ಎಳೆ. ಸಿಯೋಲ್‌ನಲ್ಲಿ ಪರಂಪರೆ ತಾಣದ ಸುತ್ತ 100 ಮೀಟರ್ ರಕ್ಷಣಾ ವಲಯ. ಈ ನಿವೇಶನ ಗಡಿಯಿಂದ ಸುಮಾರು 180 ಮೀಟರ್ ದೂರ. ವಲಯದ ಹೊರಗಿದ್ದರೂ ಪರಿಣಾಮ ಖಚಿತ ಅನ್ನಿಸಿದರೆ ಪರಿಶೀಲಿಸಬೇಕು ಅಂತ ನಗರದ ನಿಯಮದಲ್ಲೇ ಒಂದು ಸಾಲು ಇತ್ತು. 2023ರಲ್ಲಿ ನಗರಸಭೆ ಅದನ್ನು ತೆಗೆದುಹಾಕಿತು. ಸರ್ಕಾರ ಕೋರ್ಟಿಗೆ ಹೋಯಿತು. 2025ರ ನವೆಂಬರ್ 6ರಂದು ಸುಪ್ರೀಂ ಕೋರ್ಟ್ ನಗರಸಭೆ ಮಾಡಿದ್ದು ಕಾನೂನುಬದ್ಧ ಅಂದಿತು. ಕೋರ್ಟ್ ಹೇಳಿದ್ದು ಆ ಸಾಲನ್ನು ತೆಗೆಯಬಹುದು ಅಂತ. ಗೋಪುರ ಚೆನ್ನಾಗಿದೆ ಅಂತ ಅಲ್ಲ. ಟಿವಿಯಲ್ಲಿ ಎರಡೂ ಒಂದೇ ಆಗಿಹೋಯಿತು.

ಯುನೆಸ್ಕೋ ಕೇಳಿದ್ದು ಪರಂಪರೆ ಮೇಲಿನ ಪರಿಣಾಮದ ಅಧ್ಯಯನ. ಅದಿಲ್ಲದೆ ಮುಂದುವರಿಯಬೇಡಿ ಅಂತ. ಪಟ್ಟಿಯಿಂದ ಹೊರಹಾಕುವ ಭಯವೂ ಗಾಳಿಯಲ್ಲಿತ್ತು. ಜರ್ಮನಿಯ ಡ್ರೆಸ್ಡನ್ ಕಣಿವೆ ಒಂದು ಸೇತುವೆಗಾಗಿ 2009ರಲ್ಲಿ ಹೊರಬಿತ್ತು, ಇಂಗ್ಲೆಂಡಿನ ಲಿವರ್‌ಪೂಲ್ ಬಂದರು 2021ರಲ್ಲಿ. ಕೊರಿಯಾದೊಳಗೆ ಬೇರೆ ಉದಾಹರಣೆಯೂ ಇದೆ. ಗಿಂಪೊದ ಜಾಂಗ್ನುಂಗ್ ರಾಜಸಮಾಧಿಯ ಎದುರಿನ ನೋಟ ಮುಚ್ಚುವಂತೆ ಅಪಾರ್ಟ್‌ಮೆಂಟ್ ಸಾಲು ಎದ್ದಿತು. 2021ರಲ್ಲಿ ದೊಡ್ಡ ರಾದ್ಧಾಂತವಾಯಿತು. 2022ರಲ್ಲಿ ಜನ ಬಂದು ವಾಸ ಶುರುಮಾಡಿದರು. ಸಮಾಧಿ ಪಟ್ಟಿಯಲ್ಲೇ ಇದೆ. ಜೊಂಗ್ಮ್ಯೊ ವಿಷಯದಲ್ಲಿ ಸಿಯೋಲ್ ಧೈರ್ಯ ಮಾಡಿದ್ದಕ್ಕೆ ಇದೂ ಒಂದು ಕಾರಣ ಇರಬಹುದು ಅಂತ ನನ್ನ ಊಹೆ.

ನನ್ನ ಅಭಿಪ್ರಾಯ ಕೇಳಿದರೆ ಗೋಪುರ ಅಷ್ಟು ಎತ್ತರ ಬೇಡ. 71.9 ಸಾಕಾಗಿತ್ತು. ಆ ಜಗಲಿಯ ಆಕಾಶ ಒಮ್ಮೆ ಹೋದರೆ ಹೋಯಿತು. ಆದರೆ ಪರಂಪರೆ ಪಕ್ಷದವರು ಪೂರ್ತಿ ಗೆದ್ದು, ಗೋಪುರ 71.9ಕ್ಕೇ ನಿಂತರೂ, ಯೆಜಿದೊಂಗ್ ಗಡಿಯಾರದವರಿಗೆ ಅಂಗಡಿ ಸಿಗುವುದಿಲ್ಲ. ಗಲ್ಲಿ ಆಗಲೇ ಮಣ್ಣಾಗಿದೆ. ಕಾನೂನಿಗೆ ನೋಟ ಅಳೆಯಲು ಬರುತ್ತದೆ. 100 ಮೀಟರ್, 180 ಮೀಟರ್, 27 ಡಿಗ್ರಿ ಕೋನ ಅಂತೆಲ್ಲ ಲೆಕ್ಕ ಹಾಕುತ್ತಾರೆ. ಹನ್ನೆರಡು ಅಂಗಡಿ ಸೇರಿ ಒಂದು ಯಂತ್ರಭಾಗ ಮಾಡುವ ಸಂಬಂಧವನ್ನು ಅಳೆಯುವ ಟೇಪು ಅದರ ಹತ್ತಿರ ಇಲ್ಲ. ಜೊಂಗ್ಮ್ಯೊದ ಪೂಜೆಯನ್ನು ಕಟ್ಟಡದಿಂದ ಬೇರೆಯಾಗಿ, ಮನುಷ್ಯರ ವಿದ್ಯೆ ಅಂತ ಗುರುತಿಸಲು ಸಾಧ್ಯವಾದ ದೇಶ ಇದು. ಲೇತ್ ವಿದ್ಯೆಗೂ ಅಂಥದ್ದೊಂದು ಕಣ್ಣು ಇಡಬಹುದಿತ್ತು.

ನಮಗೂ ಇದು ಹೊಸ ಕಥೆಯಲ್ಲ. ಹಂಪಿ 1986ರಲ್ಲಿ ವಿಶ್ವ ಪರಂಪರೆ ಪಟ್ಟಿ ಸೇರಿತು. ಆನೆಗೊಂದಿ ಸೇತುವೆ ಕಾರಣಕ್ಕೆ 1999ರಿಂದ 2006ರವರೆಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲೂ ಇತ್ತು. ಆ ಸೇತುವೆ ಕಟ್ಟುವಾಗಲೇ 2009ರಲ್ಲಿ ಕುಸಿಯಿತು. 2011ರಲ್ಲಿ ಹಂಪಿ ಬಜಾರಿನ ಕಲ್ಲುಮಂಟಪಗಳಲ್ಲಿ ಅಂಗಡಿ, ಮನೆ ಮಾಡಿಕೊಂಡಿದ್ದವರನ್ನು ಎಬ್ಬಿಸಿದರು. ಬಜಾರು ಪರಂಪರೆ, ಅದರಲ್ಲಿ ವ್ಯಾಪಾರ ಮಾಡುವವರು ಒತ್ತುವರಿದಾರರು. ಸಿಯೋಲ್‌ನಲ್ಲಿ ಎಬ್ಬಿಸಿದ್ದು ಅಭಿವೃದ್ಧಿಯ ಹೆಸರಲ್ಲಿ, ನಮ್ಮಲ್ಲಿ ಪರಂಪರೆಯ ಹೆಸರಲ್ಲಿ.

2025ರ ಕೊನೆಗೆ ಪ್ರಕರಣ ಇಲ್ಲಿತ್ತು: ನಗರಾಡಳಿತ ಹಿಂದೆ ಸರಿದಿರಲಿಲ್ಲ, ಕೇಂದ್ರ ಸರ್ಕಾರ ಹೊಸ ನಿಯಮಗಳ ಮಾತಾಡುತ್ತಿತ್ತು, ಮಾಲೀಕರು ನಷ್ಟ ಯಾರು ಕೊಡುತ್ತಾರೆ ಎಂದು ಕೇಳುತ್ತಿದ್ದರು. 2026ರ ವಿಶ್ವ ಪರಂಪರೆ ಸಮಿತಿಯ ಅಧಿವೇಶನಕ್ಕೆ ಆತಿಥ್ಯ ವಹಿಸಿರುವುದು ಕೊರಿಯಾದ್ದೇ ಬುಸಾನ್ ನಗರ. ಅದೇ ವರ್ಷಕ್ಕೆ ಮೇಯರ್ ಚುನಾವಣೆಯೂ ನಿಗದಿಯಾಗಿತ್ತು.

ಹೋಗುವವರಿಗೆ ಒಂದು ಸಲಹೆ. ಜೊಂಗ್ಮ್ಯೊಗೆ ಮಂಗಳವಾರ ರಜೆ. ವಾರದ ದಿನಗಳಲ್ಲಿ ಗೈಡ್ ಜೊತೆ ಗುಂಪಿನಲ್ಲಿ ಹೋಗಬೇಕು, ಶನಿವಾರ, ಭಾನುವಾರ ನಿಮ್ಮಷ್ಟಕ್ಕೆ ಸುತ್ತಬಹುದು. ಆದರೆ ವಾರದ ದಿನವೇ ಹೋಗಿ. ಭಾನುವಾರ ಗಲ್ಲಿಗಳಲ್ಲಿ ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ. ಬೆಳಿಗ್ಗೆ ಗುಡಿ ನೋಡಿ, ರಸ್ತೆ ದಾಟಿ, ಸೆವುನ್ ತಾರಸಿ ಹತ್ತಿ ಇಳಿದು, ಸಾನ್ಲಿಮ್‌ದೊಂಗ್ ಕಡೆಯ ಉಳಿದ ಗಲ್ಲಿಗಳಲ್ಲಿ ನಡೆಯಿರಿ. ಕೆಲಸ ಮಾಡುತ್ತಿರುವವರ ಫೋಟೊ ತೆಗೆಯುವ ಮುನ್ನ ಕೇಳಿ. ಮೂರು ಗಾಲಿಯ ಗಾಡಿ ಬಂದರೆ ಗೋಡೆಗೆ ಸರಿಯಿರಿ, ಅವರು ಹಾರ್ನ್ ಹಾಕಿ ನಿಲ್ಲಿಸುವವರಲ್ಲ.